ಮೀನಿನ ಜಾತಿ ಎಣಿಸುವಾಗ ಬಲೆಯ ಲೆಕ್ಕವನ್ನೂ ಕೊಡಲಿ

ಮಾನ್ಯರೇ,

ಕಿರು ಅಣೆಕಟ್ಟು, ನೀರು ತಿರುಗಿಸುವ ಯೋಜನೆಗಳ ಪ್ರಸ್ತಾಪ ಬಂದಾಗಲೆಲ್ಲ ‘ಈ ಹೊಳೆಯಲ್ಲಿ ಇಷ್ಟು ಜಾತಿಯ ಮೀನುಗಳಿವೆ’ ಎಂಬ ಸಂಖ್ಯೆಯೊಂದು ವರದಿಯಲ್ಲಿ ಕಾಣಿಸಿಕೊಳ್ಳುತ್ತದೆ. ಅದು ಬಲೆಗೆ ಬಿದ್ದ ಜಾತಿಗಳ ಲೆಕ್ಕ ಅಷ್ಟೆ. ಬೀಳದೆ ಉಳಿದವು ಎಷ್ಟಿರಬಹುದೆಂದು ಅಂದಾಜು ಮಾಡಲು ಬೇಕಾದ ವಿವರ ಬಹಳ ಸಲ ಅದರಲ್ಲಿ ಇರುವುದೇ ಇಲ್ಲ.

20 ಕಡೆ ಬಲೆ ಹಾಕಿ 38 ಜಾತಿ ಸಿಕ್ಕವು ಎಂದಿಟ್ಟುಕೊಳ್ಳಿ. ಅವುಗಳಲ್ಲಿ 9 ಜಾತಿ ಒಂದೇ ಕಡೆ, 5 ಜಾತಿ ಎರಡೇ ಕಡೆ ಸಿಕ್ಕಿವೆ. 9ರ ವರ್ಗ 81. ಅದನ್ನು 5ರ ದುಪ್ಪಟ್ಟಾದ 10ರಿಂದ ಭಾಗಿಸಿದರೆ ಸುಮಾರು 8. ಅಂದರೆ ಕಣ್ತಪ್ಪಿದ ಜಾತಿಗಳು ಕನಿಷ್ಠ 8, ಒಟ್ಟು 46. ತೈವಾನಿನ ಸಂಖ್ಯಾಶಾಸ್ತ್ರಜ್ಞೆ ಆನ್ ಚಾವೊ ಕೊಟ್ಟ ಈ ಸೂತ್ರಕ್ಕೆ ಯಾವ ಜಾತಿ ಎಷ್ಟು ಕಡೆ ಸಿಕ್ಕಿತು ಎಂಬ ಪಟ್ಟಿ ಸಾಕು. ಆದರೆ ಗುರುತಿಸುವಲ್ಲಿ ತಪ್ಪಬಾರದು. ಮರಿಯೊಂದನ್ನು ಬೇರೆ ಜಾತಿಯೆಂದು ಬರೆದರೆ ‘ಒಂದೇ ಕಡೆ ಸಿಕ್ಕಿದ್ದು’ ಸುಳ್ಳೇ ಹೆಚ್ಚಿ ಅಂದಾಜು ಉಬ್ಬುತ್ತದೆ.

ಇದಕ್ಕಿಂತ ದೊಡ್ಡ ಮೋಸ ಬಲೆಯ ಕಣ್ಣಿನಲ್ಲಿದೆ. ಎರಡೂವರೆ ಸೆಂಟಿಮೀಟರ್ ಕಣ್ಣಿನ ಬಲೆಯನ್ನು ಮಡುವಿನಲ್ಲೇ ಇಪ್ಪತ್ತು ಸಲ ಬಿಟ್ಟರೆ ಹೊಸ ಜಾತಿ ಬರುವುದು ಬೇಗ ನಿಲ್ಲುತ್ತದೆ, ‘ಎಲ್ಲವೂ ಸಿಕ್ಕಿದವು’ ಎಂಬ ಭ್ರಮೆ ಹುಟ್ಟುತ್ತದೆ. ಶಿಸ್ಟುರಾ ಗುಂಪಿನ ಬೆರಳುದ್ದದ ಮೀನುಗಳು ಇರುವುದು ರಭಸದ ನೀರಿನ ಗುಂಡುಕಲ್ಲುಗಳ ಅಡಿಯಲ್ಲಿ. ಸೊಳ್ಳೆಪರದೆಯಂಥ ಬಲೆಯನ್ನು ತಳಕ್ಕೆ ಒತ್ತಿ ಹಿಡಿದು, ನೀರು ಬರುವ ದಿಕ್ಕಿನಲ್ಲಿ ಅದರ ಮುಂದಿನ ಒಂದು ಮೀಟರ್ ಜಾಗದ ಕಲ್ಲುಗಳನ್ನು ಕಾಲಿನಿಂದ ಕದಡಬೇಕು. ಆಗ ಮೀನು ಹರಿವಿನೊಂದಿಗೆ ಬಲೆಯೊಳಕ್ಕೆ ಬರುತ್ತದೆ. ದಡದ ಬೇರುಗಳ ಸಂದಿ ಬೇರೆಯೇ ಲೋಕ, ಅಲ್ಲಿಗೆ ಕೈಬಲೆ ಬೇಕು. ಮೀಸೆ ಮೀನುಗಳು ಹೆಚ್ಚಾಗಿ ರಾತ್ರಿ ಓಡಾಡುತ್ತವೆ. ಮುಂಗಾರಿನ ಮೊದಲ ನೆರೆಗೆ ಹೊಳೆಯಿಂದ ಹರಿವಿಗೆದುರು ಹತ್ತುವ ‘ಹತ್ತುಮೀನು’ ಹಳ್ಳ, ಗದ್ದೆಗಳವರೆಗೆ ಏರುತ್ತದೆ. ಬೇಸಿಗೆಯೊಂದರಲ್ಲೇ ಮಾಡಿದ ಸಮೀಕ್ಷೆ ಆ ದಾರಿಯನ್ನು ನೋಡಿಯೇ ಇರುವುದಿಲ್ಲ.

ನೀರಿನಲ್ಲಿ ಉಳಿದ ಡಿಎನ್‌ಎ ಪರೀಕ್ಷಿಸಿದರೆ ಸಾಕು ಎನ್ನುವವರಿದ್ದಾರೆ. ಒಂದೆರಡು ಲೀಟರ್ ನೀರು ಸೋಸಿದರೆ ಮೀನುಗಳ ಸುಳಿವು ಸಿಗುವುದು ನಿಜ. ಆದರೆ ಹೋಲಿಸಿ ನೋಡಲು ಮೊದಲೇ ಕೂಡಿಟ್ಟ ಡಿಎನ್‌ಎ ಸಂಗ್ರಹದಲ್ಲಿ ಇಲ್ಲದ ಜಾತಿಗೆ ಅದು ಹೆಸರು ಹೇಳಲಾರದು. ಮೇಲಿನಿಂದ ತೇಲಿ ಬಂದದ್ದು ಯಾವ ಮಡುವಿನದು ಎಂಬುದೂ ತಿಳಿಯದು. ಬಲೆಗೆ ಅದು ಜೊತೆಗಾರ ಆಗಬಹುದು, ಬದಲಿ ಆಗದು.

ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು ಬಂದದ್ದು 1964ರಲ್ಲಿ. ಅದೇ ನದಿಯ ಹೆಸರು ಹೊತ್ತ ಬಟಾಸಿಯೊ ಶರಾವತಿಯೆನ್ಸಿಸ್ ಎಂಬ ಮೀನು ವಿಜ್ಞಾನಕ್ಕೆ ಪರಿಚಯವಾದದ್ದು 2004ರಲ್ಲಿ, ನಲವತ್ತು ವರ್ಷ ತಡವಾಗಿ. ಹೆಸರಿಡುವ ಮೊದಲೇ ಎಷ್ಟು ನೆಲೆಗಳು ಮುಳುಗಿದವೋ ಎಂದು ಯೋಚಿಸಿದರೆ ಹೊಟ್ಟೆ ಉರಿಯುತ್ತದೆ.

ಆದ್ದರಿಂದ ಪ್ರತಿ ವರದಿಯೂ ಸ್ಥಳವಾರು, ದಿನವಾರು ಪಟ್ಟಿ, ಬಲೆಯ ಬಗೆ ಮತ್ತು ಕಣ್ಣಿನ ಅಳತೆ, ಬಲೆ ನೀರಿನಲ್ಲಿದ್ದ ಗಂಟೆಗಳನ್ನು ಕಡ್ಡಾಯವಾಗಿ ಕೊಡಬೇಕು. ಮಳೆಗಾಲ ಮತ್ತು ಬೇಸಿಗೆ ಎರಡರಲ್ಲೂ ಸಮೀಕ್ಷೆ ನಡೆಯಬೇಕು. ಜಾತಿಗಳ ಸಂಖ್ಯೆಯ ಪಕ್ಕದಲ್ಲೇ ಸಿಗದೆ ಉಳಿದವುಗಳ ಅಂದಾಜೂ ಅಚ್ಚಾಗಬೇಕು. ಸಾರ್ವಜನಿಕ ಅಹವಾಲು ಸಭೆಗೆ ಮುಂಚೆಯೇ ಈ ಪಟ್ಟಿ ಕನ್ನಡದಲ್ಲಿ ಊರವರ ಕೈಸೇರಲಿ. ಯಾವ ಮೀನು ಬಿಟ್ಟುಹೋಗಿದೆ ಎಂದು ಮೊದಲು ಹೇಳುವವರು ಹೊಳೆಬದಿಯಲ್ಲಿ ಬಲೆ ಬೀಸುವ ಅವರೇ.

– ಹೊಳೆಮೀನುಗಳ ಅಧ್ಯಯನಾಸಕ್ತರು, ಸಾಗರ