ನೆರೆಯವರ ಪಂದ್ಯ ನಿಲ್ಲದಿರಲಿ

ಮಾನ್ಯ ಸಂಪಾದಕರೇ,

ಟಿ.ವಿ. ಪ್ರಸಾರದ ಹಣಕ್ಕಾಗಿ ಅಮೆರಿಕದ ವಿಶ್ವವಿದ್ಯಾಲಯಗಳು ಒಂದು ಕ್ರೀಡಾ ಒಕ್ಕೂಟದಿಂದ (ಹೆಚ್ಚಾಗಿ ತಮ್ಮತಮ್ಮಲ್ಲೇ ಆಡುವ ವಿಶ್ವವಿದ್ಯಾಲಯಗಳ ಗುಂಪಿನಿಂದ) ಇನ್ನೊಂದಕ್ಕೆ ಜಿಗಿಯುತ್ತಿವೆ. ಅದರ ಪೆಟ್ಟು ಬೀಳುತ್ತಿರುವುದು ಒಂದೇ ರಾಜ್ಯದ ಹಳೆಯ ಎದುರಾಳಿಗಳ ಅಮೆರಿಕನ್ ಫುಟ್‌ಬಾಲ್ ಪಂದ್ಯಗಳಿಗೆ. ಟೆಕ್ಸಸ್ ಮತ್ತು ಟೆಕ್ಸಸ್ ಎ ಅಂಡ್ ಎಂ ವಿಶ್ವವಿದ್ಯಾಲಯಗಳ ತಂಡಗಳು ಮೊದಲ ಬಾರಿ ಆಡಿದ್ದು 1894ರಲ್ಲಿ. ಎ ಅಂಡ್ ಎಂ ಒಕ್ಕೂಟ ಬದಲಿಸಿತು. 2011ರ ಬಳಿಕ ಪಂದ್ಯ ನಿಂತೇ ಹೋಯಿತು. ಎರಡೂ ವಿಶ್ವವಿದ್ಯಾಲಯಗಳ ಊರುಗಳ ನಡುವೆ ಕಾರಿನಲ್ಲಿ ಸುಮಾರು ಎರಡು ಗಂಟೆಯ ದಾರಿ. ಅಣ್ಣ ಅಲ್ಲಿ, ತಂಗಿ ಇಲ್ಲಿ ಓದುವ ಮನೆಗಳು ಇಲ್ಲಿ ಎಷ್ಟೋ ಇವೆ. ಆದರೂ ಮತ್ತೆ ಆಡಲು 2024ರವರೆಗೆ ಕಾಯಬೇಕಾಯಿತು, ಅದೂ ಟೆಕ್ಸಸ್ ತಂಡ ಅದೇ ಒಕ್ಕೂಟ ಸೇರಿದ ಮೇಲೆ! ಅದೇ ವರ್ಷ ಒಕ್ಲಹೋಮ ಕೂಡ ಅಲ್ಲಿಗೆ ಹೋದದ್ದರಿಂದ, ಒಕ್ಲಹೋಮ ಸ್ಟೇಟ್ ಜೊತೆಗಿನ ಅದರ ವಾರ್ಷಿಕ ಪಂದ್ಯ ನಿಂತಿತು.

ಇದು ಅನಿವಾರ್ಯವೆಂದು ನಾನು ಒಪ್ಪುವುದಿಲ್ಲ. ವಾಷಿಂಗ್ಟನ್ ರಾಜ್ಯದ ಎರಡು ವಿಶ್ವವಿದ್ಯಾಲಯಗಳಾದ ವಾಷಿಂಗ್ಟನ್ ಮತ್ತು ವಾಷಿಂಗ್ಟನ್ ಸ್ಟೇಟ್ ಬೇರೆ ಬೇರೆ ಒಕ್ಕೂಟಗಳಲ್ಲಿದ್ದರೂ ನವೆಂಬರ್‌ನ ಪಂದ್ಯವನ್ನು ಸೆಪ್ಟೆಂಬರ್‌ಗೆ ತಂದು ತಮ್ಮ ವಾರ್ಷಿಕ ಪಂದ್ಯವಾದ 'ಆಪಲ್ ಕಪ್' ಉಳಿಸಿಕೊಂಡಿವೆ. ಒಕ್ಲಹೋಮದ ಎರಡೂ ವಿಶ್ವವಿದ್ಯಾಲಯಗಳು ಹಾಗೆಯೇ ಪ್ರತಿ ವರ್ಷ ಒಂದು ಶನಿವಾರವನ್ನು ಪರಸ್ಪರರಿಗಾಗಿ ಮೀಸಲಿಡಲಿ.

– ಕನ್ನಡಿಗ ಓದುಗ, ಆಸ್ಟಿನ್, ಟೆಕ್ಸಸ್