ರಿಚ್ಮಂಡ್‌ನಿಂದ ಗದುಗಿಗೆ

ರಿಚ್ಮಂಡ್, ಕೆಂಟಕಿ
ಆಗಸ್ಟ್ 2022

ತೀರ್ಥರೂಪ ಅಪ್ಪಾಜಿಯವರಿಗೂ ಮಾತೃಶ್ರೀ ಅವ್ವನಿಗೂ ಮಲ್ಲಿಕಾರ್ಜುನನ ಶಿರಸಾಷ್ಟಾಂಗ ನಮಸ್ಕಾರಗಳು. ಇಲ್ಲಿ ನಾವಿಬ್ಬರೂ ಕ್ಷೇಮ. ಅಣ್ಣ, ವೈನಿ, ಮಕ್ಕಳು, ಅಜ್ಜಿ ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ.

ನಿಮ್ಮ ಪತ್ರ ತಲುಪಿತು. ನಾವಿರುವ ಊರಿನ ಮಗ್ಗುಲಲ್ಲೇ ವಿಷಾನಿಲದ ಬಾಂಬುಗಳ ಗೋದಾಮಿದೆ ಎಂದು ಶಂಕ್ರಪ್ಪ ಕಾಕಾನ ಮಗ ಮೊಬೈಲಿನಲ್ಲಿ ತೋರಿಸಿದಂದಿನಿಂದ ಅವ್ವನಿಗೆ ಊಟ ಸೇರುತ್ತಿಲ್ಲವೆಂದೂ, ಪಂಚಮಿಯ ಉಂಡಿಯನ್ನು ಬಾಯಿಗೂ ಹಾಕಲಿಲ್ಲವೆಂದೂ, ಸುಜಾತಾಳನ್ನು ಈ ತಿಂಗಳೇ ವಿಮಾನ ಹತ್ತಿಸಬೇಕು, ಕುಬಸ ಮತ್ತು ಹೆರಿಗೆ ಊರಲ್ಲೇ ಆಗಬೇಕು ಎಂದು ಹಟ ಹಿಡಿದಿದ್ದಾಳೆಂದೂ ಓದಿ ಮನಸ್ಸಿಗೆ ಬಹಳ ಕಷ್ಟವಾಯಿತು. ಆ ಹುಡುಗ ಹೇಳಿದ್ದು ಸುಳ್ಳಲ್ಲ. ಆದರೆ ಅರ್ಧ ಮಾತ್ರ ಹೇಳಿದ್ದಾನೆ. ಉಳಿದದ್ದನ್ನು ನಾನು ಬರೆಯುತ್ತೇನೆ. ದಯವಿಟ್ಟು ಅವ್ವನಿಗೆ ಒಂದಕ್ಷರ ಬಿಡದೆ ಓದಿ ಹೇಳಿ.

ಇಲ್ಲಿನ ಬ್ಲೂ ಗ್ರಾಸ್ ಸೇನಾ ಡಿಪೋದಲ್ಲಿ 1940ರ ದಶಕದಿಂದ ರಾಸಾಯನಿಕ ಅಸ್ತ್ರಗಳನ್ನು ಇಡುತ್ತ ಬಂದಿದ್ದಾರೆ. ಮಸ್ಟರ್ಡ್, ಸರಿನ್, ವಿಎಕ್ಸ್ ಎಂಬ ಮೂರು ಬಗೆಯ ವಿಷ, ಒಟ್ಟು 523 ಟನ್, ಒಂದು ಲಕ್ಷಕ್ಕೂ ಹೆಚ್ಚು ಶೆಲ್ಲು ಮತ್ತು ರಾಕೆಟ್ಟುಗಳಲ್ಲಿ ತುಂಬಿ ಇಟ್ಟದ್ದು. ಜನ ಇವನ್ನು ಅನಿಲ ಎನ್ನುತ್ತಾರಾದರೂ ಮೂರೂ ದ್ರವಗಳೇ. ಮಸ್ಟರ್ಡ್ ಸುಮಾರು 14 ಡಿಗ್ರಿಗಿಂತ ತಣ್ಣಗಾದರೆ ಹೆಪ್ಪುಗಟ್ಟುತ್ತದೆ. ವಿಎಕ್ಸ್ ಮಂದವಾದ ಎಣ್ಣೆ, ಸುಲಭಕ್ಕೆ ಆವಿಯಾಗುವುದಿಲ್ಲ. ಸರಿನ್ ಮಾತ್ರ ಹೆಚ್ಚುಕಡಿಮೆ ನೀರಿನಷ್ಟೇ ಬೇಗ ಆವಿಯಾಗಿ ಗಾಳಿಗೆ ಸೇರುವುದರಿಂದ ಊರಿನವರಿಗೆಲ್ಲ ಅದರದೇ ಚಿಂತೆ.

ಇವನ್ನಿಡುವ ಕೋಣೆಗಳು ಕಾಂಕ್ರೀಟಿನ ಕಮಾನುಗಳು. ಮೇಲೆ ಮಣ್ಣು ಮುಚ್ಚಿ ಹುಲ್ಲು ಬೆಳೆಸಿದ್ದಾರೆ, ಮುಂದೆ ಉಕ್ಕಿನ ಬಾಗಿಲಿದೆ. ಒಂದರಲ್ಲಿ ಸ್ಫೋಟವಾದರೂ ಪಕ್ಕದ್ದಕ್ಕೆ ತಗಲದಿರಲೆಂದು ದೂರ ದೂರ ಕಟ್ಟಿದ್ದಾರೆ. ನಮ್ಮ ಅಜ್ಜನ ಕಾಲದಲ್ಲಿ ನೆಲದೊಳಗಿನ ಜೋಳದ ಹಗೇವು ತೆಗೆದಾಗ ಕೆಟ್ಟ ಗಾಳಿ ಹೋಗುವವರೆಗೆ ಕಾದು, ದೀಪ ಇಳಿಬಿಟ್ಟು ನೋಡಿ, ಆಮೇಲಷ್ಟೇ ಆಳನ್ನು ಇಳಿಸುತ್ತಿದ್ದರಲ್ಲ, ಹಾಗೆಯೇ ಇಲ್ಲಿಯೂ ಒಳಗಿನ ಗಾಳಿಯನ್ನು ಯಂತ್ರದಿಂದ ಪರೀಕ್ಷಿಸದೆ ಯಾರೂ ಬಾಗಿಲು ದಾಟುವಂತಿಲ್ಲ.

ಸೋರಿಕೆ ಆಗಿಯೇ ಇಲ್ಲ ಎಂದು ನಿಮಗೆ ಬರೆದರೆ ತಪ್ಪಾಗುತ್ತದೆ. 2007ರಲ್ಲಿ ಒಂದು ಕೋಣೆಯಲ್ಲಿ ಸರಿನ್ ತುಂಬಿದ ದೊಡ್ಡ ಉಕ್ಕಿನ ಪಾತ್ರೆ ಸೋರಿತ್ತು. ಕೋಣೆಯ ಗಾಳಿಯನ್ನು ಫಿಲ್ಟರಿನ ಮೂಲಕ ಹಾಯಿಸಿ, ಅಂಥ ಪಾತ್ರೆಗಳನ್ನು ಉಳಿದೆಲ್ಲಕ್ಕಿಂತ ಮುಂಚೆ ವಿಲೇವಾರಿ ಮಾಡಿದರು. ನಿಜವಾದ ತೊಡಕಿರುವುದು ಎಂ55 ಎಂಬ ರಾಕೆಟ್ಟಿನಲ್ಲಿ. 1960ರ ದಶಕದ ಆರಂಭದಲ್ಲಿ ಮಾಡಿದ ಈ ರಾಕೆಟ್ಟಿನಲ್ಲಿ ವಿಷ, ಸಿಡಿಮದ್ದು, ಹಾರಿಸುವ ಇಂಧನ ಮೂರೂ ಒಂದೇ ಕೊಳವೆಯೊಳಗಿವೆ. ವಿಷ ತುಂಬಿದ ಭಾಗ ಅಲ್ಯೂಮಿನಿಯಮ್ಮಿನದು, ಹಳೆಯ ಸರಿನ್ ಅದನ್ನು ಒಳಗಿನಿಂದ ತಿನ್ನುತ್ತದೆ. ಇಂಧನ ತಾನಾಗಿ ಹೊತ್ತಿಕೊಳ್ಳದಿರಲೆಂದು ಬೆರೆಸಿದ ರಾಸಾಯನಿಕವೂ ವರ್ಷಗಳು ಕಳೆದಂತೆ ಸವೆಯುತ್ತದೆ. ಹೀಗಾಗಿ ಮುಟ್ಟದೆ ಭದ್ರವಾಗಿಟ್ಟುಬಿಟ್ಟರೆ ಆಯಿತು ಎಂಬ ಮಾತು ಇದಕ್ಕೆ ಸಲ್ಲುವುದಿಲ್ಲ. ಇಟ್ಟಷ್ಟೂ ಅಪಾಯ ಬೆಳೆಯುತ್ತದೆ, ನಾಶ ಮಾಡುವುದೊಂದೇ ದಾರಿ.

ಆ ನಾಶದ ಕೆಲಸ ಈಗ ಕೊನೆಯ ಹಂತದಲ್ಲಿದೆ ಎಂಬುದನ್ನು ಕಾಕಾನ ಮಗ ಹೇಳಲಿಲ್ಲ. ಮಸ್ಟರ್ಡ್ ಶೆಲ್ಲುಗಳು ಕಳೆದ ವರ್ಷವೇ ಮುಗಿದವು. ವಿಎಕ್ಸ್ ರಾಕೆಟ್ಟುಗಳು ಈ ಏಪ್ರಿಲ್‌ನಲ್ಲಿ ಮುಗಿದವು. ಉಳಿದಿರುವ ಸರಿನ್ ರಾಕೆಟ್ಟುಗಳ ಕೆಲಸ ಕಳೆದ ತಿಂಗಳು ಶುರುವಾಗಿದೆ. ಮನುಷ್ಯರು ಹತ್ತಿರ ಹೋಗದೆ, ಯಂತ್ರಗಳೇ ರಾಕೆಟ್ಟಿಗೆ ತೂತು ಕೊರೆದು ವಿಷವನ್ನು ಬಸಿದುಕೊಳ್ಳುತ್ತವೆ. ಅದನ್ನು ಕಾಸ್ಟಿಕ್ ಸೋಡಾ ಬೆರೆಸಿದ ಬಿಸಿನೀರಿನಲ್ಲಿ ಕಲಕಿದರೆ ವಿಷದ ಕಣವೇ ಒಡೆದುಹೋಗುತ್ತದೆ. ಅಂತರರಾಷ್ಟ್ರೀಯ ಒಪ್ಪಂದದ ಪ್ರಕಾರ ಮುಂದಿನ ವರ್ಷ ಸೆಪ್ಟೆಂಬರ್‌ನೊಳಗೆ ಒಂದೂ ಉಳಿಯಬಾರದು. 1997ರಲ್ಲಿ ಜಾರಿಗೆ ಬಂದ ಅದೇ ಒಪ್ಪಂದದಂತೆ ನಮ್ಮ ಭಾರತ ತನ್ನ ದಾಸ್ತಾನನ್ನು 2009ರಲ್ಲೇ ಪೂರ್ತಿ ನಾಶ ಮಾಡಿತು, ಜಗತ್ತಿನಲ್ಲಿ ಹಾಗೆ ಮುಗಿಸಿದ ಮೂರನೆಯ ದೇಶ ನಮ್ಮದು. ಇದನ್ನು ನಾನು ಇಲ್ಲಿ ಕೇಳಿದವರಿಗೆಲ್ಲ ಅಭಿಮಾನದಿಂದ ಹೇಳುತ್ತೇನೆ.

ಅಪ್ಪಾಜಿ, ನನಗೆ ಇಷ್ಟು ಧೈರ್ಯ ಬಂದಿರುವುದು ಡಿಪೋದ ಕಾಂಕ್ರೀಟಿನಿಂದಲ್ಲ, ಈ ಊರಿನ ಜನರಿಂದ. ಇವನ್ನೆಲ್ಲ ಇಲ್ಲಿಯೇ ಕುಲುಮೆಯಲ್ಲಿ ಸುಡುತ್ತೇವೆ ಎಂದು 1984ರಲ್ಲಿ ಸೇನೆಯವರು ಸಭೆ ಕರೆದು ಹೇಳಿದಾಗ, ಚಿಮಣಿಯಿಂದ ಏನು ಹೊರಬರುತ್ತದೆ ಎಂದು ಜನ ಕೇಳಿದರು. ಸರಿಯಾದ ಉತ್ತರ ಸಿಗಲಿಲ್ಲ, ಜನ ಕೇಳುವುದನ್ನು ನಿಲ್ಲಿಸಲಿಲ್ಲ. ಮುಂದಾಳಾಗಿ ನಿಂತ ಕ್ರೇಗ್ ವಿಲಿಯಮ್ಸ್ ವಿಯೆಟ್ನಾಂ ಯುದ್ಧಕ್ಕೆ ಹೋಗಿಬಂದವರು, ಮರಗೆಲಸ ಮಾಡುತ್ತಿದ್ದವರು. ಬೇರೆ ಡಿಪೋಗಳ ಊರಿನವರನ್ನೂ ಒಟ್ಟುಗೂಡಿಸಿ, ಸುಡದೆ ನೀರಿನಲ್ಲಿ ಒಡೆಯುವ ವಿಧಾನ ಇಲ್ಲಿಗೆ ಬರುವವರೆಗೆ ಪಟ್ಟು ಬಿಡಲಿಲ್ಲ. 2006ರಲ್ಲಿ ಅವರಿಗೆ ಗೋಲ್ಡ್‌ಮನ್ ಪರಿಸರ ಪ್ರಶಸ್ತಿ ಬಂತು. ಅದೇ 1984ರ ಡಿಸೆಂಬರ್‌ನಲ್ಲಿ ನಮ್ಮ ಭೋಪಾಲದಲ್ಲಿ ಏನಾಯಿತೆಂದು ಅವ್ವನಿಗೆ ಚೆನ್ನಾಗಿ ನೆನಪಿದೆ. ಕಾರ್ಖಾನೆಯ ಗೋಡೆಗೆ ಹತ್ತಿ ಬದುಕುತ್ತಿದ್ದವರಿಗೆ ಟ್ಯಾಂಕಿನೊಳಗೆ ಏನಿದೆ, ಸೋರಿದರೆ ಏನು ಮಾಡಬೇಕು ಎಂದು ಯಾರೂ ತಿಳಿಸಿರಲಿಲ್ಲ. ಅದನ್ನು ನೆನೆದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ.

ಇಲ್ಲಿ ನಮ್ಮ ಅಡುಗೆಮನೆಯ ಗೋಡೆಯ ಮೇಲೆ ಒಂದು ಕ್ಯಾಲೆಂಡರ್ ಇದೆ. ಪ್ರತಿವರ್ಷ ಮನೆಮನೆಗೆ ಪುಕ್ಕಟೆಯಾಗಿ ಬರುತ್ತದೆ. ಅದರಲ್ಲಿ ಜಿಲ್ಲೆಯನ್ನು ಭಾಗಗಳಾಗಿ ಗುರುತಿಸಿದ ನಕಾಶೆ ಇದೆ; ಸೈರನ್ ಕೂಗಿದರೆ ಯಾವ ಭಾಗದವರು ಏನು ಮಾಡಬೇಕೆಂದು ಬರೆದಿದೆ. ಮನೆಯೊಳಗಿರಿ ಎಂದರೆ ಕಿಟಕಿ ಬಾಗಿಲು ಮುಚ್ಚಬೇಕು, ಫ್ಯಾನು, ಏಸಿ ಬಂದ್ ಮಾಡಬೇಕು, ಒಂದು ಕೋಣೆ ಸೇರಿ ಸಂದುಗಳಿಗೆ ಪ್ಲಾಸ್ಟಿಕ್ ಹಾಳೆ ಹಚ್ಚಿ ಟೇಪ್ ಅಂಟಿಸಬೇಕು. ಸುಜಾತಾ ಹಾಳೆಯನ್ನು ಕಿಟಕಿಯ ಅಳತೆಗೆ ಮೊದಲೇ ಕತ್ತರಿಸಿ, ಯಾವುದು ಎಲ್ಲಿಗೆಂದು ಕನ್ನಡದಲ್ಲಿ ಬರೆದು, ಟೇಪು ಮತ್ತು ಕತ್ತರಿಯ ಜೊತೆ ಚೀಲದಲ್ಲಿ ಇಟ್ಟಿದ್ದಾಳೆ. ಊರಿನಲ್ಲಿ ಪ್ರಶ್ನೆಗಳಿಗೆ ಉತ್ತರಿಸಲೆಂದೇ ಒಂದು ಮಾಹಿತಿ ಕಚೇರಿಯೂ ಇದೆ. ಬಸುರಿ ಎಂದು ತಿಳಿದ ಮೇಲೆ ಅವಳೇ ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋಗಿ ಎಲ್ಲವನ್ನೂ ಬಿಡಿಸಿ ಬಿಡಿಸಿ ಕೇಳಿದಳು.

ಇನ್ನೊಂದು ಮಾತು, ಇದನ್ನು ಅಣ್ಣನಿಗೆ ಓದಿ ಹೇಳಿ. ಈ ಸರಿನ್ ಹುಟ್ಟಿದ್ದು ಕೀಟನಾಶಕದ ಪ್ರಯೋಗಾಲಯದಲ್ಲಿ. ಗೆರ್ಹಾರ್ಡ್ ಶ್ರಾಡರ್ ಎಂಬ ಜರ್ಮನ್ ವಿಜ್ಞಾನಿ ಬೆಳೆಯ ಹುಳಕ್ಕೆ ಔಷಧ ಹುಡುಕುತ್ತ 1936ರಲ್ಲಿ ಇಂಥ ಮೊದಲ ವಿಷವನ್ನು ಕಂಡರು. ನಾವು ಹತ್ತಿಗೂ ಮೆಣಸಿನಕಾಯಿಗೂ ಹೊಡೆಯುವ ಹಲವು ಎಣ್ಣೆಗಳು ಅದೇ ಕುಲದವು. ಬಲ ಬಹಳ ಕಡಿಮೆ, ಆದರೆ ದೇಹದಲ್ಲಿ ಮಾಡುವ ಕೆಲಸ ಒಂದೇ: ಕಣ್ಣಿನ ಪಾಪೆ ಕಿರಿದಾಗುವುದು, ಜೊಲ್ಲು ಸುರಿಯುವುದು, ಉಸಿರು ಕಟ್ಟುವುದು. ಎರಡಕ್ಕೂ ವೈದ್ಯರು ಕೊಡುವುದು ಅಟ್ರೋಪಿನ್ ಇಂಜೆಕ್ಷನ್ನೇ. ನಮ್ಮ ಅಟ್ಟದ ಮೇಲೆ ಜೋಳದ ಚೀಲಗಳ ಪಕ್ಕದಲ್ಲಿ ಅರ್ಧ ಉಳಿದ ಎಣ್ಣೆ ಬಾಟಲಿಗಳಿವೆಯಲ್ಲ, ಅವನ್ನು ಇಳಿಸಿ, ಮನೆಯಿಂದ ಹೊರಗೆ ಕೀಲಿ ಹಾಕುವ ಪೆಟ್ಟಿಗೆಯಲ್ಲಿಡಲಿ. ನೀರಿನ ಬಾಟಲಿಗೆ ಸುರಿದಿಡುವುದು ಬೇಡವೇ ಬೇಡ. ಮಕ್ಕಳು ಓಡಾಡುವ ಮನೆ.

ಸುಜಾತಾಳ ವಿಷಯ. ಅವಳ ರಕ್ತದೊತ್ತಡ ಸ್ವಲ್ಪ ಏರಿರುವುದರಿಂದ ದೂರದ ಪ್ರಯಾಣ ಬೇಡವೆಂದು ವೈದ್ಯರು ಹೇಳಿದ್ದಾರೆ. ಗಾಬರಿಯಾಗುವಂಥದ್ದು ಏನೂ ಇಲ್ಲ, ಖಂಡಿತ ಏನೂ ಇಲ್ಲ. ಗುಳಿಗೆ ಕೊಟ್ಟಿದ್ದಾರೆ, ವಾರಕ್ಕೊಮ್ಮೆ ನೋಡುತ್ತಾರೆ, ಮಗು ಚೆನ್ನಾಗಿದೆ. ಆದ್ದರಿಂದ ಹೆರಿಗೆ ಇಲ್ಲಿಯೇ. ಶಿಕಾಗೋದಿಂದ ಅವಳ ಅಕ್ಕ ಬರುತ್ತಾರೆ. ಕುಬಸಕ್ಕೆ ಹಸಿರು ಬಳೆ ಮತ್ತು ಬೆಟಗೇರಿಯ ಹಸಿರು ಸೀರೆ ಕಳಿಸಿದರೆ ಸಾಕು, ಅಂದು ವಿಡಿಯೊದಲ್ಲಿ ಅವ್ವನೇ ಮುಂದೆ ಕುಳಿತು ಎಲ್ಲ ಹೇಳಿಕೊಡಲಿ. ಅವ್ವ ಊಟ ಮಾಡಿದಳೆಂದು ಅಣ್ಣನಿಂದ ಇಂದೇ ಒಂದು ಸಂದೇಶ ಹಾಕಿಸಿ.

ಕೆಲಸಕ್ಕೆ ಹೊತ್ತಾಯಿತು, ದಾರಿಯಲ್ಲೇ ಇದನ್ನು ಅಂಚೆಗೆ ಹಾಕಬೇಕು. ಅಜ್ಜಿಗೆ, ಶಂಕ್ರಪ್ಪ ಕಾಕಾಗೆ ನಮಸ್ಕಾರ, ಮಕ್ಕಳಿಗೆ ಆಶೀರ್ವಾದ.

ಇತಿ ನಿಮ್ಮ ಮಗ,
ಮಲ್ಲಿಕಾರ್ಜುನ