ಮೂವತ್ತನೆಯ ನಂಬರಿನ ಹೆದ್ದಾರಿಯಿಂದ ಅಪ್ಪನಿಗೆ ಒಂದು ಪತ್ರ

ಏಮ್ಸ್, ಅಯೋವಾ
ಅಕ್ಟೋಬರ್ 10

ತೀರ್ಥರೂಪ ಅಪ್ಪನವರ ಪಾದಗಳಿಗೆ ನಿಮ್ಮ ಮಗಳು ಮಾಡುವ ಶಿರಸಾಷ್ಟಾಂಗ ನಮಸ್ಕಾರಗಳು.

ನಾವಿಬ್ಬರೂ ಇಲ್ಲಿ ಕ್ಷೇಮವಾಗಿದ್ದೇವೆ. ಅವ್ವನ ಮೊಣಕಾಲು ನೋವು ಕಡಿಮೆಯಾಗಿದೆ ಎಂದು ತಮ್ಮನು ಫೋನಿನಲ್ಲಿ ತಿಳಿಸಿದ ಮೇಲೆ ಮನಸ್ಸು ಹಗುರವಾಯಿತು. ಹೋದ ತಿಂಗಳು ಮಾತನಾಡುವಾಗ ನೀವು, ಇಲ್ಲಿಯ ಹೆದ್ದಾರಿಗಳು ಹೊಲಗಳ ನಡುವೆ ಹೇಗೆ ಹಾದುಹೋಗುತ್ತವೆ, ದಾರಿ ಬದಿಯ ಊರುಗಳ ಗತಿ ಏನಾಗಿದೆ, ಒಮ್ಮೆ ಕಣ್ಣಾರೆ ನೋಡಿ ಬರೆ ಎಂದು ಹೇಳಿದ್ದಿರಿ. ನೀವು ಹಾಗೆ ಕೇಳಿದ್ದೇಕೆ ಎಂಬುದು ನನಗೆ ಆಗಲೇ ತಿಳಿದಿತ್ತು. ಬೈಪಾಸ್ ಆದಂದಿನಿಂದ ಪಿ.ಬಿ. ರಸ್ತೆಯ ಮೇಲಿನ ಕಾಕಾನ ಖಾನಾವಳಿಗೆ ಲಾರಿಯವರು ಬರುವುದು ನಿಂತು, ಮಧ್ಯಾಹ್ನ ಬಡಿಯುತ್ತಿದ್ದ ರೊಟ್ಟಿಗಳ ಲೆಕ್ಕ ಅರ್ಧಕ್ಕಿಂತಲೂ ಕೆಳಗೆ ಇಳಿದದ್ದನ್ನು ನಾನು ಇಲ್ಲಿಗೆ ಬರುವ ಮೊದಲೇ ನೋಡಿದ್ದೆ. ಆದ್ದರಿಂದ ಈ ಶನಿವಾರ, ಭಾನುವಾರ ಎರಡೂ ದಿನ ಬಿಡುವು ಮಾಡಿಕೊಂಡು, ಇವರನ್ನೂ ಕರೆದುಕೊಂಡು, ಯು.ಎಸ್. 30 ಎಂಬ ಹೆದ್ದಾರಿಯನ್ನು ಅಯೋವಾದ ಪಶ್ಚಿಮ ಗಡಿಯಿಂದ ಪೂರ್ವ ಗಡಿಯವರೆಗೆ ಪೂರ್ತಿ ನೋಡಿ ಬಂದೆ. ಕಂಡದ್ದನ್ನು ಬರೆಯುತ್ತೇನೆ, ಕಾಕಾನಿಗೂ ಓದಿ ಹೇಳಿರಿ.

ಈ ಹೆದ್ದಾರಿ ಪಶ್ಚಿಮ ತುದಿಯ ಆರೆಗಾನ್ ರಾಜ್ಯದಿಂದ ಪೂರ್ವ ಕರಾವಳಿಯ ನ್ಯೂಜೆರ್ಸಿಯವರೆಗೆ ಸುಮಾರು 4,900 ಕಿಲೋಮೀಟರ್ ಉದ್ದವಿದ್ದು, ಅದರಲ್ಲಿ ಸುಮಾರು 530 ಕಿಲೋಮೀಟರ್ ಅಯೋವಾದ ಪಾಲಿಗೆ ಬರುತ್ತದೆ. ಈ ರಾಜ್ಯಕ್ಕೆ ಪಡುವಲಲ್ಲಿ ಮಿಸೌರಿ ನದಿಯೂ ಮೂಡಲಲ್ಲಿ ಮಿಸಿಸಿಪಿ ನದಿಯೂ ಗಡಿಯಾಗಿರುವುದರಿಂದ, ದಾರಿ ಒಂದು ದೊಡ್ಡ ಹೊಳೆಯ ಸೇತುವೆಯಿಂದ ಇಳಿದು ಇನ್ನೊಂದು ದೊಡ್ಡ ಹೊಳೆಯ ಸೇತುವೆಯನ್ನು ಏರುತ್ತದೆ. ನಡುವೆ ಇರುವುದೆಲ್ಲ ಬಹುಮಟ್ಟಿಗೆ ಗೋವಿನಜೋಳ ಮತ್ತು ಸೋಯಾಬೀನ್. ಇಡೀ ರಾಜ್ಯದಲ್ಲಿ ಗೋವಿನಜೋಳವೊಂದೇ ಸುಮಾರು 1.3 ಕೋಟಿ ಎಕರೆಯಲ್ಲಿ ಬೆಳೆಯುತ್ತದೆ, ಎಕರೆಗೆ ಐವತ್ತು ಕ್ವಿಂಟಲ್ ಬರುವುದು ಇಲ್ಲಿ ದೊಡ್ಡ ಮಾತಲ್ಲ. ನಮ್ಮ ಎರೆ ಹೊಲದಲ್ಲಿ ಇಪ್ಪತ್ತು ಕ್ವಿಂಟಲ್ ಬಂದ ವರ್ಷ ನೀವು ಊರಿಗೆಲ್ಲ ಹೇಳಿಕೊಂಡು ಬಂದದ್ದು ಆಗ ನೆನಪಾಯಿತು.

ಶನಿವಾರ ಬೆಳಿಗ್ಗೆ ಮಿಸೌರಿ ನದಿಯ ದಡದಿಂದ ಹೊರಟೆವು. ಹೊಳೆಯ ಬಯಲು ಮುಗಿಯುತ್ತಲೇ ಲೋಯೆಸ್ ಎಂಬ ಮಣ್ಣಿನ ಗುಡ್ಡಗಳು ಎದ್ದು ನಿಲ್ಲುತ್ತವೆ. ಹಿಮಯುಗದ ಕಾಲದಲ್ಲಿ ನದಿಯ ಬಯಲಿನಿಂದ ಗಾಳಿ ಹೊತ್ತು ತಂದ ನುಣ್ಣನೆಯ ಮಣ್ಣು ಪದರ ಪದರವಾಗಿ ಬಿದ್ದು ಗುಡ್ಡವಾದದ್ದು ಇದು. ಮಣ್ಣಿನ ಕೆಲಸ ಮಾಡುವವಳಾದ ನನಗೆ ಅಲ್ಲಿ ಇಳಿದು ಒಂದು ಹಿಡಿ ಮಣ್ಣು ಮುಟ್ಟದೆ ಮುಂದೆ ಹೋಗಲು ಆಗಲಿಲ್ಲ, ಹಿಟ್ಟಿನ ಹಾಗೆ ಬೆರಳ ಸಂದಿಯಿಂದ ಜಾರಿತು. ಅಲ್ಲಿಂದ ದಾರಿ ಬೋಯರ್ ಎಂಬ ಸಣ್ಣ ಹೊಳೆಯ ಕಣಿವೆ ಹಿಡಿದು ಲೋಗನ್, ವುಡ್‌ಬೈನ್, ಡನ್‌ಲಪ್, ಡೆನಿಸನ್ ಊರುಗಳನ್ನು ದಾಟುತ್ತದೆ, ರೈಲು ಹಳಿ ಬಹಳ ದೂರ ಜೊತೆಯಲ್ಲೇ ಬರುತ್ತದೆ. ಡೆನಿಸನ್ ಬಿಟ್ಟು ಕ್ಯಾರಲ್ ತಲುಪುವುದರೊಳಗೆ, ಗೊತ್ತೇ ಆಗದಷ್ಟು ಸಣ್ಣ ಏರೊಂದನ್ನು ಹತ್ತಿ ಇಳಿಯುತ್ತೇವೆ. ಆ ಏರಿನ ಈಚೆ ಬಿದ್ದ ಮಳೆ ಮಿಸೌರಿಗೆ, ಆಚೆ ಬಿದ್ದದ್ದು ಮಿಸಿಸಿಪಿಯ ಕಡೆಗೆ.

ವುಡ್‌ಬೈನ್ ಊರಿನ ಬಗ್ಗೆ ಸ್ವಲ್ಪ ಹೆಚ್ಚು ಬರೆಯಬೇಕು. ಹೆದ್ದಾರಿ ಬಿಟ್ಟು ಊರೊಳಕ್ಕೆ ತಿರುಗಿದ ಕೂಡಲೇ ಚಕ್ರದ ಸದ್ದು ಬದಲಾಗಿ ಗಡಗಡ ಎನ್ನತೊಡಗಿತು. ಕೆಳಗೆ ನೋಡಿದರೆ ಡಾಂಬರಿಲ್ಲ, ಇಟ್ಟಿಗೆ! 1921ರಲ್ಲಿ ಹಾಸಿದ ಆ ಇಟ್ಟಿಗೆ ದಾರಿಯನ್ನು ಊರಿನವರು ಹನ್ನೊಂದು ಬ್ಲಾಕುಗಳ ಉದ್ದಕ್ಕೂ ಹಾಗೆಯೇ ಉಳಿಸಿಕೊಂಡಿದ್ದಾರೆ. ಅದು ಹಳೆಯ ಲಿಂಕನ್ ಹೆದ್ದಾರಿ. ಈ ಹೆದ್ದಾರಿಯನ್ನು ಮೊದಲು ಯೋಚಿಸಿದ್ದು ಸರಕಾರವಲ್ಲ, ಇಂಡಿಯಾನಾ ರಾಜ್ಯದ ಕಾರ್ಲ್ ಫಿಶರ್ ಎಂಬ ಉದ್ಯಮಿ ಮತ್ತು ಅವನ ಸಂಗಡಿಗರು. ನ್ಯೂಯಾರ್ಕಿನಿಂದ ಸ್ಯಾನ್ ಫ್ರಾನ್ಸಿಸ್ಕೋವರೆಗೆ ದೇಶವನ್ನು ಅಡ್ಡಲಾಗಿ ದಾಟುವ ಮೋಟಾರು ದಾರಿಯೊಂದನ್ನು ಗುರುತಿಸಿ, 1913ರ ಅಕ್ಟೋಬರ್ 31ರಂದು ಅದಕ್ಕೆ ಅಬ್ರಹಾಂ ಲಿಂಕನ್ನರ ಹೆಸರು ಸಮರ್ಪಿಸಿದರು. 1926ರಲ್ಲಿ ದೇಶದ ದಾರಿಗಳಿಗೆಲ್ಲ ನಂಬರು ಕೊಡುವ ಪದ್ಧತಿ ಬಂದಾಗ ಇದರ ಬಹುಭಾಗ ಮೂವತ್ತನೆಯ ನಂಬರಾಯಿತು. ಹೆಸರು ಮರೆಯಾಗಬಾರದೆಂದು 1928ರ ಸೆಪ್ಟೆಂಬರ್ 1ರಂದು ಸ್ಕೌಟ್ ಹುಡುಗರು ದಾರಿಯುದ್ದಕ್ಕೂ ಸುಮಾರು ಮೂರು ಸಾವಿರ ಕಾಂಕ್ರೀಟ್ ಕಂಬಗಳನ್ನು ನೆಟ್ಟರಂತೆ. ನೀಲಿ ಬಣ್ಣದ 'ಎಲ್' ಅಕ್ಷರವೂ ಲಿಂಕನ್ನರ ಮುಖದ ಬಿಲ್ಲೆಯೂ ಇರುವ ಅಂಥ ಕಂಬಗಳು ಈಗಲೂ ಅಲ್ಲಲ್ಲಿ ಕಾಣಸಿಗುತ್ತವೆ.

ಹೆಸರಿಗೆ ಹೆದ್ದಾರಿಯಾದರೂ ಆಗ ಅಯೋವಾದಲ್ಲಿ ಇದ್ದದ್ದು ಬರಿಯ ಮಣ್ಣಿನ ದಾರಿ. ಇಲ್ಲಿಯ ಮಣ್ಣೂ ನಮ್ಮ ಎರೆಯಂತೆಯೇ ಕಪ್ಪು. ಮಳೆಗಾಲದಲ್ಲಿ ನಮ್ಮ ಚಕ್ಕಡಿಯ ಗಾಲಿ ಹೇಗೆ ಗುಂಬದವರೆಗೆ ಹೂತುಹೋಗುತ್ತಿತ್ತೋ ಹಾಗೆಯೇ ಇಲ್ಲಿ ಮೋಟಾರುಗಳು ಹೂತುಹೋಗುತ್ತಿದ್ದವು, ಹೊಲದಿಂದ ಯಾರಾದರೂ ಕುದುರೆ ಹೂಡಿ ತಂದು ಎಳೆಯಬೇಕಾಗಿತ್ತು. ದಾರಿಗಳು ಇಷ್ಟು ನೇರವಾಗಿರುವುದಕ್ಕೂ ಕಾರಣವಿದೆ. 1785ರ ಕಾನೂನಿನಂತೆ ಭೂಮಿಯನ್ನು ಒಂದು ಮೈಲಿ ಚೌಕಗಳಾಗಿ ಅಳೆದು, ಚೌಕವೊಂದಕ್ಕೆ 640 ಎಕರೆಯಂತೆ ಹಂಚಿದ್ದರಿಂದ ದಾರಿಗಳೆಲ್ಲ ಆ ಚೌಕಗಳ ಬದುವಿನ ಮೇಲೆಯೇ ಹೋದವು. ಮೊದಲ ಲಿಂಕನ್ ದಾರಿಯೂ ಕೆಲವು ಕಡೆ ಹೊಲ ಕಡಿಯದೆ, ಮೆಟ್ಟಿಲಿಳಿದಂತೆ ಬದುವಿನಿಂದ ಬದುವಿಗೆ ಲಂಬಕೋನದಲ್ಲಿ ತಿರುಗುತ್ತ ಹೋಗುತ್ತಿತ್ತು. ಹೊಲದ ನಡುವೆ ಅಡ್ಡಲಾಗಿ ಕಡಿದುಕೊಂಡು ಹೋಗುವುದು, ಊರನ್ನು ಹೊರಗಿಟ್ಟು ಹೋಗುವುದು, ಇವೆಲ್ಲ ವೇಗ ಬೇಕೆನಿಸಿದ ಮೇಲೆ ಬಂದವು.

ಈಗಿನ ದಾರಿ ಜೆಫರ್ಸನ್ ಊರೊಳಗೆ ಹೋಗದೆ ಅದರ ಉತ್ತರದಲ್ಲಿ ಸಾಗುತ್ತದೆ. ಊರೊಳಗಿನ ಕೋರ್ಟ್ ಕಟ್ಟಡದ ಮುಂದೆ ಲಿಂಕನ್ನರ ಪ್ರತಿಮೆ ಮಾತ್ರ ಹಳೆಯ ದಾರಿಯ ಕಡೆಗೇ ನೋಡುತ್ತ ನಿಂತಿದೆ. ಬೂನ್ ದಾಟಿ ಸಂಜೆಗೆ ನಾವಿರುವ ಏಮ್ಸ್ ತಲುಪಿ ರಾತ್ರಿ ಮನೆಯಲ್ಲೇ ಮಲಗಿದೆವು. ನಾನು ಕೆಲಸ ಮಾಡುವ ಈ ಊರಿಗೂ ದಾರಿಗಳಿಗೂ ದೊಡ್ಡ ನಂಟಿದೆ, ಅಪ್ಪ. ಇದೇ ರಾಜ್ಯದ ಮಾಂಟೆಜೂಮಾ ಎಂಬ ಸಣ್ಣ ಊರಿನಲ್ಲಿ ಬೆಳೆದ ಥಾಮಸ್ ಮ್ಯಾಕ್‌ಡೊನಾಲ್ಡ್ ಎಂಬವರು 1904ರಲ್ಲಿ ಇಲ್ಲಿಯ ಕಾಲೇಜಿನಿಂದ ಇಂಜಿನಿಯರ್ ಆಗಿ ಹೊರಬಂದು, ಅಯೋವಾದ ಹೆದ್ದಾರಿ ಆಯೋಗವನ್ನು ನಡೆಸಿ, ಮುಂದೆ 1919ರಿಂದ 1953ರವರೆಗೆ ಇಡೀ ದೇಶದ ರಸ್ತೆ ಇಲಾಖೆಯ ಮುಖ್ಯಸ್ಥರಾಗಿದ್ದರು. ಅದೇ 1919ರ ಬೇಸಿಗೆಯಲ್ಲಿ ಸೈನ್ಯದ ಲಾರಿಗಳ ಸಾಲೊಂದು ವಾಷಿಂಗ್ಟನ್ನಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಟು, ಈ ದಾರಿಯಲ್ಲೇ ಅಯೋವಾವನ್ನು ದಾಟಿತು. ತಲುಪಲು 62 ದಿನ ಹಿಡಿಯಿತು. ಆ ದಂಡಿನಲ್ಲಿದ್ದ ಐಸೆನ್‌ಹೋವರ್ ಎಂಬ ತರುಣ ಅಧಿಕಾರಿ ಮುಂದೆ ಅಧ್ಯಕ್ಷರಾಗಿ, 1956ರಲ್ಲಿ ಇಂಟರ್‌ಸ್ಟೇಟ್ ಎಂಬ ಅತಿವೇಗದ ಹೆದ್ದಾರಿಗಳ ಕಾನೂನಿಗೆ ಸಹಿ ಹಾಕಿದರು. ಇಂಟರ್‌ಸ್ಟೇಟ್ 80 ದಕ್ಷಿಣದಲ್ಲಿ ಬಂದ ಮೇಲೆ ದೂರದ ಪ್ರಯಾಣಿಕರು ಬಹುಪಾಲು ಆ ಕಡೆ ಹೋದರು; ಮೂವತ್ತನೆಯ ನಂಬರು ಊರುಗಳ, ಒಕ್ಕಲಿಗರ, ಕಾಳಿನ ಲಾರಿಗಳ ದಾರಿಯಾಗಿ ಉಳಿಯಿತು.

ಭಾನುವಾರದ ದಾರಿಯೇ ನನ್ನ ಮನಸ್ಸಿನಲ್ಲಿ ಹೆಚ್ಚು ನಿಂತಿದೆ. ಎಲ್ಲೆಡೆ ಕಟಾವು ನಡೆದಿತ್ತು. ಯಂತ್ರ ಹೊಲದೊಳಗೆ ಹೋದ ಕಡೆಯೆಲ್ಲ ಒಣಗಿದ ಗರಿಯ ಕೆಂಪು ಧೂಳು ಎದ್ದು, ನಮ್ಮ ಕಾರಿನ ಗಾಜಿನ ಮೇಲೆ ತೆಳ್ಳಗೆ ಕೂರುತ್ತಿತ್ತು. ಅದರ ವಾಸನೆ ನಮ್ಮ ಕಣದ ವಾಸನೆಯೇ. ಟೇಮಾ ಎಂಬ ಊರಿನಲ್ಲಿ ಹಳ್ಳವೊಂದರ ಮೇಲೆ 1915ರಲ್ಲಿ ಕಟ್ಟಿದ ಪುಟ್ಟ ಕಾಂಕ್ರೀಟ್ ಸೇತುವೆ ಇದೆ. ಅದರ ಎರಡು ಬದಿಯ ತಡೆಗೋಡೆಗಳಲ್ಲಿ ಕಂಬಿಗಳ ಬದಲಿಗೆ 'ಲಿಂಕನ್ ಹೈವೇ' ಎಂಬ ಇಂಗ್ಲಿಷ್ ಅಕ್ಷರಗಳನ್ನೇ ಕಾಂಕ್ರೀಟಿನಲ್ಲಿ ಎರಕ ಹೊಯ್ದು ನಿಲ್ಲಿಸಿದ್ದಾರೆ. ಅಕ್ಷರಗಳ ನಡುವಿನ ಕಿಂಡಿಯಲ್ಲಿ ಕೈ ತೂರಿಸಿ ನೋಡಿದೆ. ಒಳಮೈ ಇನ್ನೂ ಒರಟು, ಮೇಲ್ಮೈ ಮಾತ್ರ ಜನರ ಕೈ ತಾಗಿ ನುಣುಪಾಗಿದೆ. ದೊಡ್ಡ ಹೆದ್ದಾರಿ ಊರ ಹೊರಗೆ ಸರಿದು ಎಷ್ಟೋ ಕಾಲವಾಯಿತು, ಆದರೂ ಈ ಬೀದಿಯ ಜನ ದಿನವೂ ಅದೇ ಸೇತುವೆಯ ಮೇಲೆ ಓಡಾಡುತ್ತಾರೆ.

ಟೇಮಾದ ಪಶ್ಚಿಮಕ್ಕೆ ಮೆಸ್ಕ್ವಾಕಿ ಜನರ ನೆಲೆಯಿದೆ. ನೀವು ಇದನ್ನು ಕೇಳಿದರೆ ಬಹಳ ಹೊತ್ತು ಯೋಚಿಸುತ್ತೀರಿ ಎಂದು ನನಗನಿಸುತ್ತದೆ. ಈ ಮೂಲನಿವಾಸಿಗಳನ್ನು 1840ರ ದಶಕದಲ್ಲಿ ಅಯೋವಾದಿಂದ ಕ್ಯಾನ್ಸಸ್‌ಗೆ ಕಳುಹಿಸಲಾಯಿತು. ಕೆಲವರು ಹೋಗದೆ ಅಡಗಿ ಉಳಿದರು, ಕೆಲವರು ಮರಳಿ ಬಂದರು. ಬಂದವರು ದಾನವನ್ನು ಕೇಳಲಿಲ್ಲ. 1857ರಲ್ಲಿ ಸಾವಿರ ಡಾಲರ್ ಕೊಟ್ಟು, ಅಯೋವಾ ನದಿಯ ದಡದಲ್ಲಿ ಎಂಬತ್ತು ಎಕರೆ ಭೂಮಿಯನ್ನು ಖರೀದಿ ಮಾಡಿದರು. ಕಾಗದ ರಾಜ್ಯಪಾಲರ ಹೆಸರಿನಲ್ಲಿತ್ತು, ಭೂಮಿ ಇವರದಾಗಿತ್ತು. ಆದ್ದರಿಂದಲೇ ಅವರು ತಮ್ಮ ಊರನ್ನು ಸರಕಾರ ಬಿಟ್ಟುಕೊಟ್ಟ ಮೀಸಲು ಪ್ರದೇಶವೆಂದು ಹೇಳುವುದಿಲ್ಲ, ನೆಲೆ ಎಂದೇ ಹೇಳುತ್ತಾರೆ. ಇಂದು ಅದು ಎಂಟು ಸಾವಿರ ಎಕರೆಗೂ ಹೆಚ್ಚು. ತಮ್ಮದೇ ನಾಡಿನಲ್ಲಿ ತಾವೇ ಹಣ ಕೊಟ್ಟು ನೆಲ ಕೊಳ್ಳಬೇಕಾಗಿ ಬಂದದ್ದು ಎಂಥ ಅನ್ಯಾಯ ಎಂದು ನನಗೆ ಮೊದಲು ಸಿಟ್ಟು ಬಂತು. ಆಮೇಲೆ, ಒಂದೊಂದೇ ಎಕರೆಯಾಗಿ ಅದನ್ನು ಬೆಳೆಸಿಕೊಂಡು ಬಂದವರ ತಾಳ್ಮೆ ಕಂಡು ಕೈ ಮುಗಿಯಬೇಕೆನಿಸಿತು.

ಮುಂದೆ ವಾಟ್ಕಿನ್ಸ್ ಎಂಬ ಹಳ್ಳಿಯ ಹತ್ತಿರ, 218ನೆಯ ನಂಬರಿನ ದಾರಿ ಬಂದು ಕೂಡುವಲ್ಲಿ, ಯಂಗ್‌ವಿಲ್ ಎಂಬ ಹಳೆಯ ಹೋಟೆಲ್ಲಿದೆ. ಕಾಕಾನಿಗಾಗಿ ಇದನ್ನು ನಾನು ಬಹಳ ಹೊತ್ತು ನಿಂತು ನೋಡಿದೆ. 1931ರಲ್ಲಿ ಒಬ್ಬ ರೈತ ವಿಧವೆಯಾದ ತನ್ನ ಮಗಳಿಗೆ ಜೀವನಾಧಾರವಾಗಲೆಂದು ಇದನ್ನು ಕಟ್ಟಿಸಿದನಂತೆ. ಪೆಟ್ರೋಲು ಹಾಕುತ್ತಿದ್ದರು, ಊಟ ಬಡಿಸುತ್ತಿದ್ದರು, ರಾತ್ರಿ ತಂಗುವವರಿಗೆ ಹಿಂದೆ ಪುಟ್ಟ ಕೋಣೆಗಳಿದ್ದವು. 1967ರಲ್ಲಿ ಬಾಗಿಲು ಮುಚ್ಚಿತು. ಕಟ್ಟಡ ಬಿದ್ದುಹೋಗುವ ಸ್ಥಿತಿಗೆ ಬಂದಾಗ ಸುತ್ತಲಿನ ಊರಿನವರೇ ಸೇರಿ ರಿಪೇರಿ ಮಾಡಿ ನಿಲ್ಲಿಸಿಕೊಂಡರು. ಗೋಡೆಯ ಬಿಳಿ ಬಣ್ಣ, ಇಳಿಜಾರು ಚಾವಣಿ, ಮುಂದೆ ಪೆಟ್ರೋಲ್ ಪಂಪು. ಎಲ್ಲವೂ ಯಾರೋ ಈಗತಾನೆ ಒಳಗೆ ಹೋಗಿದ್ದಾರೆ ಎನ್ನುವ ಹಾಗಿತ್ತು. ಹತ್ತಿರದ ಬೆಲ್ ಪ್ಲೇನ್ ಊರಿನ ಕಥೆಯೂ ಇಂಥದೇ; ಲಿಂಕನ್ ದಾರಿ ಅದರ ನಡುವೆಯೇ ಹೋಗುತ್ತಿತ್ತು, ಮುಂದೆ ಹೆದ್ದಾರಿ ಉತ್ತರಕ್ಕೆ ಸರಿದು ಊರು ಪಕ್ಕಕ್ಕೆ ಬಿತ್ತು.

ಸೀಡರ್ ರ್‍ಯಾಪಿಡ್ಸ್ ದೊಡ್ಡ ನಗರ, ದಾರಿ ಅದರ ದಕ್ಷಿಣ ಅಂಚಿನಲ್ಲಿ ಹಾದುಹೋಗುತ್ತದೆ. 2020ರ ಆಗಸ್ಟ್ 10ರಂದು ಈ ದಾರಿಯ ಆಜುಬಾಜಿನಲ್ಲೇ ಬೀಸಿದ ಬಿರುಗಾಳಿ ಗಂಟೆಗೆ ಸುಮಾರು 225 ಕಿಲೋಮೀಟರ್ ವೇಗ ಮುಟ್ಟಿ, ಹಾಲುಗಾಳಿನ ಗೋವಿನಜೋಳವನ್ನು ಲಕ್ಷಗಟ್ಟಲೆ ಎಕರೆಯಲ್ಲಿ ನೆಲಕ್ಕೆ ಮಲಗಿಸಿಬಿಟ್ಟಿತ್ತು. ಅಲ್ಲಿಂದ ಮೌಂಟ್ ವರ್ನನ್ ಕಡೆಗೆ ಹೋಗುವ ಹಳೆಯ ದಾರಿಯಲ್ಲಿ ಒಂದು ವಿಶೇಷವಿದೆ: ಮೊದಲ ಮಹಾಯುದ್ಧ ಮುಗಿದ ಹೊತ್ತಿಗೆ ಅಲ್ಲಿ ಒಂದು 'ಸಸಿಯ ಮೈಲಿ' ಹಾಕಿದ್ದರು. ಸುತ್ತಲೂ ಕೆಸರಿದ್ದು ನಡುವೆ ಒಂದೇ ಮೈಲಿ ಕಾಂಕ್ರೀಟ್ ಹಾಕಿದರೆ, ಅದರ ಮೇಲೆ ಹೋದವರು ಉಳಿದ ಮೈಲಿಗಳಿಗೂ ಬೇಡಿಕೆ ಇಡುತ್ತಾರೆ ಎಂಬುದು ಲಿಂಕನ್ ಹೆದ್ದಾರಿಯವರ ಎಣಿಕೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯದವರು ನಮ್ಮ ಹೊಲದಲ್ಲಿ ಹೊಸ ತಳಿಯ ಪ್ರಾತ್ಯಕ್ಷಿಕೆ ತಾಕು ಹಾಕಿಸಿದ್ದರಲ್ಲ, ಅದೇ ರೀತಿ. ಕೆಲವೇ ವರ್ಷಗಳ ಹಿಂದೆ ಮೌಂಟ್ ವರ್ನನ್ನಿಗೂ ಪಕ್ಕದ ಲಿಸ್ಬನ್ನಿಗೂ ಬೈಪಾಸ್ ಆಗಿದೆ. ನಾವು ಬೈಪಾಸ್ ಬಿಟ್ಟು ಊರೊಳಗೇ ಹೋಗಿ ಅಲ್ಲೊಂದು ಅಂಗಡಿಯಲ್ಲಿ ಕಾಫಿ ಕುಡಿದೆವು. ಬಡಿಸಿದ ಹೆಂಗಸು, ಲಾರಿಗಳ ಸದ್ದು ಹೋದ ಮೇಲೆ ಬೀದಿ ದಾಟಲು ಮಕ್ಕಳಿಗೆ ಹೆದರಿಕೆಯಿಲ್ಲ, ಆದರೆ ದಾರಿ ತಪ್ಪಿ ಬರುವ ಗಿರಾಕಿಗಳೂ ಇಲ್ಲ, ಈಗ ಬೇಕೆಂದು ಬರುವವರೇ ನಮ್ಮ ಗಿರಾಕಿಗಳು ಎಂದಳು.

ಅಲ್ಲಿಂದಾಚೆ ಡಿವಿಟ್ ದಾಟಿ ಕ್ಲಿಂಟನ್ ಸೇರಿದೆವು. 1956ರಲ್ಲಿ ತೆರೆದ ತೂಗುಸೇತುವೆಯ ಮೇಲೆ ದಾರಿ ಮಿಸಿಸಿಪಿಯನ್ನು ದಾಟಿ ಇಲಿನಾಯ್ ರಾಜ್ಯಕ್ಕೆ ಹೋಗುತ್ತದೆ. ಸಂಜೆಯ ಬಿಸಿಲಿನಲ್ಲಿ ಹೊಳೆಯ ಅಗಲ ನೋಡಿ, ಹರಿಹರದ ಸೇತುವೆಯ ಮೇಲೆ ಬಸ್ಸಿನ ಕಿಟಕಿಯಿಂದ ನೀವು ತುಂಗಭದ್ರೆಗೆ ನಾಣ್ಯ ಹಾಕಿಸುತ್ತಿದ್ದದ್ದು ನೆನಪಾಗಿ, ಇವರ ಕಿಸೆಯಿಂದ ಒಂದು ನಾಣ್ಯ ತೆಗೆದು ದಡದಿಂದಲೇ ನೀರಿಗೆ ಹಾಕಿದೆ.

ಕಾಕಾನಿಗೆ ಒಂದು ಮಾತು ಹೇಳಿರಿ. ಖಾನಾವಳಿಯ ಬಾಗಿಲ ಮೇಲಿದ್ದ, ಅಜ್ಜ ಬರೆಸಿದ ಹಳೆಯ ತಗಡಿನ ಫಲಕವನ್ನು ಗುಜರಿಗೆ ಹಾಕುವುದು ಬೇಡ. ಬೈಪಾಸಿನಿಂದ ಊರೊಳಕ್ಕೆ ತಿರುಗುವಲ್ಲಿ ನಮ್ಮ ಹೊಲದ ಮೂಲೆ ಇದೆಯಲ್ಲ, ಅಲ್ಲಿ ಅದನ್ನು ನಿಲ್ಲಿಸಲು ಸಾಧ್ಯವೇ ನೋಡಿರಿ. ಬಣ್ಣ ಬಳಿಸುವ ಖರ್ಚನ್ನು ನಾನು ಕಳುಹಿಸುತ್ತೇನೆ. ಇನ್ನೊಂದು ವಿಷಯ. ಇಲ್ಲಿ ಗೋವಿನಜೋಳದ ತೇವ ಹೆಚ್ಚಿದ್ದರೆ ಗ್ಯಾಸಿನ ಬಿಸಿಗಾಳಿಯಲ್ಲಿ ಒಣಗಿಸುತ್ತಾರೆ. ನಮಗೆ ಅದಿಲ್ಲದೆ ಸರ್ವಿಸ್ ರಸ್ತೆಯ ಮೇಲೆ ಹರವುವುದು ಅನಿವಾರ್ಯವಾದರೂ, ರಾಶಿಯ ಸುತ್ತ ಕಲ್ಲು ಇಟ್ಟು ರಾತ್ರಿ ಅಲ್ಲಿಯೇ ಮಲಗಬೇಡಿರಿ. ಕತ್ತಲಲ್ಲಿ ಬರುವ ಬೈಕಿನವರಿಗೂ ಅಪಾಯ, ನಿಮಗೂ ಅಪಾಯ. ಒಂದು ದಿನ ತಡವಾದರೂ ಕಣದಲ್ಲೇ ಒಣಗಲಿ. ಈ ಸಲ ಮಾರುಕಟ್ಟೆಯಲ್ಲಿ ದರ ಎಷ್ಟಿದೆ ಎಂದು ತಮ್ಮನ ಕೈಯಿಂದ ಬರೆಸಿರಿ. ಟೇಮಾ ಸೇತುವೆಯ ಫೋಟೋ ಅವನ ಫೋನಿಗೆ ಕಳುಹಿಸಿದ್ದೇನೆ, ಅವ್ವನಿಗೂ ತೋರಿಸಲಿ. ಅವಳಿಗೆ ನನ್ನ ನಮಸ್ಕಾರ ತಿಳಿಸಿರಿ.

ಇಂತಿ,
ನಿಮ್ಮ ಪ್ರೀತಿಯ ಮಗಳು